ಮಂಡಕ್ಕಿ ಚೀಲ ಯಾವ ಬಾಗಿಲಲ್ಲಿ ತೂರುತ್ತದೆ? ನಾಲ್ಕು ಬಗೆಯ ರೈಲು ಹತ್ತಿ ನೋಡಿದೆ

ಮನವಿ ಬರೆಯುವ ಕೆಲಸ ನನ್ನ ತಲೆಗೇ ಬಂತು. ಕನ್ನಡ ಮೇಷ್ಟ್ರು ಅಂದ ಮೇಲೆ ಇನ್ಯಾರು ಬರೀಬೇಕು ಹೇಳಿ. ದಾವಣಗೆರೆಯಿಂದ ಚಿಕ್ಕಜಾಜೂರಿಗೆ ಪಾಸ್ ಮಾಡಿಸಿಕೊಂಡು ದಿನಾ ಓಡಾಡುವ ನಮ್ಮದೊಂದು ಗುಂಪಿದೆ. ಮಾಸ್ತರು, ಗುಮಾಸ್ತರು, ಕಾಲೇಜು ಹುಡುಗರು, ಸಂತೆ ವ್ಯಾಪಾರದವರು. ಪ್ಯಾಸೆಂಜರ್ ರೈಲಿನ ಹಳೇ ಬೋಗಿ ಬದಲಾಯಿಸಿ ಕೊಡಿ ಅಂತ ಕೇಳೋಣ ಎಂದು ಎಲ್ಲರೂ ಒಪ್ಪಿದರು. ಬದಲಿಗೆ ಏನು ಕೊಡಿ ಅಂತ ಕೇಳುವುದು ಅನ್ನುವಲ್ಲಿ ಜಗಳ ಶುರುವಾಯಿತು. ಒಬ್ಬರು ಮೆಮು ಅಂದರು, ಬೇರೆ ಎಂಜಿನ್ ಇಲ್ಲದೆ ತನ್ನದೇ ಮೋಟಾರಿನಿಂದ ಕರೆಂಟಲ್ಲಿ ಓಡುವ ರೈಲು. ಇನ್ನೊಬ್ಬರು ಎಕ್ಸ್‌ಪ್ರೆಸ್‌ಗೆ ಹಾಕುವ ಕೆಂಪು ಎಲ್‌ಎಚ್‌ಬಿ ಬೋಗಿ ಅಂದರು. ಕಾಲೇಜು ಹುಡುಗರಿಗೆ ವಂದೇ ಭಾರತ್ ತರಹದ್ದೇ ಬೇಕಂತೆ. ಅಷ್ಟೂ ಜನರಲ್ಲಿ ಎಲ್ಲ ನಮೂನೆಯ ರೈಲಲ್ಲೂ ಕೂತು ನೋಡಿದವರು ಒಬ್ಬರೂ ಇರಲಿಲ್ಲ. ಬೇಸಿಗೆ ರಜೆ ಇತ್ತು. ನಾನೇ ಹೊರಟೆ.

ಮೊದಲು ನಮ್ಮ ನೀಲಿ ಬೋಗಿಯ ಕತೆ ಹೇಳಿಬಿಡುತ್ತೇನೆ. ಚೆನ್ನೈನ ಪೆರಂಬೂರಿನಲ್ಲಿ 1955ರಲ್ಲಿ ಶುರುವಾದ ಐಸಿಎಫ್ ಕಾರ್ಖಾನೆಯ ಮಾದರಿ ಇದು. ಮೂಲ ವಿನ್ಯಾಸ ಸ್ವಿಸ್ ಕಂಪನಿಯದು. 2018ರ ಜನವರಿಯಲ್ಲಿ ಅಲ್ಲಿ ಇದರ ತಯಾರಿಕೆ ನಿಂತಿತು. ಬೋಗಿಯ ಆಯಸ್ಸು 25 ವರ್ಷ ಅಂತ ಲೆಕ್ಕ. ಅಂದರೆ ಕೊನೆಯಲ್ಲಿ ಹೊರಬಂದ ಬೋಗಿ 2043ರ ತನಕ ಲೆಕ್ಕದ ಪ್ರಕಾರ ಬದುಕಿರುತ್ತದೆ. ಎಕ್ಸ್‌ಪ್ರೆಸ್‌ನಲ್ಲಿ ಓಡಿ ಸವೆದ ಮೇಲೆ ನಮ್ಮಂಥ ಪ್ಯಾಸೆಂಜರ್‌ಗೆ ಬರುತ್ತದೆ. ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ. ಅಲ್ಲಿಂದಲೂ ನಿವೃತ್ತಿಯಾದ ಕೆಲವು ಬೋಗಿಗಳ ಕಿಟಕಿ ಮುಚ್ಚಿ, ಕಾರು ಸಾಗಿಸುವ ಗೂಡ್ಸ್ ಬೋಗಿ ಮಾಡಿಕೊಳ್ಳುತ್ತಾರೆ. ಗಟ್ಟಿ ಜೀವ, ಒಪ್ಪಲೇಬೇಕು.

ಆದರೆ ಬಾಗಿಲು! ನಮ್ಮ ಜೊತೆ ಒಬ್ಬ ಅಜ್ಜ ಬರುತ್ತಾರೆ. ದಾವಣಗೆರೆ ಭಟ್ಟಿಯಿಂದ ಎರಡು ಚೀಲ ಮಂಡಕ್ಕಿ ತಂದು ಮಾಯಕೊಂಡದಲ್ಲಿ ಇಳಿಯುತ್ತಾರೆ. ಮಂಡಕ್ಕಿ ಚೀಲದಲ್ಲಿ ತೂಕ ಇರುವುದಿಲ್ಲ, ಆದರೆ ಗಾತ್ರ ನೋಡಿದರೆ ಆನೆಮರಿ. ಐಸಿಎಫ್ ಬೋಗಿಯ ಬಾಗಿಲು ಇಕ್ಕಟ್ಟು, ಮೆಟ್ಟಿಲು ಕಡಿದು. ಚೀಲ ಹಿಡಿಕೆಗೆ ಸಿಕ್ಕಿಕೊಳ್ಳುತ್ತದೆ. "ಮೇಷ್ಟ್ರೇ, ಒಳಗಿಂದ ಒಂಚೂರು ಎಳೀರಿ" ಅಂತ ಅಜ್ಜ ಕೂಗುತ್ತಾರೆ. ನಾನು ಒಳಗಿಂದ ಎಳೆಯಬೇಕು, ಇನ್ನೊಬ್ಬರು ಕೆಳಗಿಂದ ಭುಜ ಕೊಟ್ಟು ನೂಕಬೇಕು. ಹಿಂದೆ ಟೀಚರಮ್ಮಂದಿರು ಬ್ಯಾಗ್ ಎದೆಗವಚಿಕೊಂಡು ಕಾಯಬೇಕು. ಒಂದು ದಿನ ಚೀಲದ ಮೂಲೆ ಹರಿದು ಮೆಟ್ಟಿಲ ಮೇಲೆಲ್ಲ ಮಂಡಕ್ಕಿ ಚೆಲ್ಲಿತು. ಗಾರ್ಡ್ ಸೀಟಿ ಊದುತ್ತಿದ್ದರು, ನಾವು ಬಾಗಿ ಬಳಿಯುತ್ತಿದ್ದೆವು. ರೈಲು ತಡವಾಗುವುದು ಎಂಜಿನ್ ನಿಧಾನ ಅಂತಲ್ಲ. ತೋಳಹುಣಸೆ, ಕೊಡಗನೂರು, ಮಾಯಕೊಂಡ ಅಂತ ನಿಂತ ಕಡೆಯಲ್ಲೆಲ್ಲ ಬಾಗಿಲಲ್ಲೇ ಹೊತ್ತು ಕಳೆಯುತ್ತದೆ. ಇದು ನನಗೆ ಹೊಳೆದದ್ದೇ ಆ ಮಂಡಕ್ಕಿ ಬಳಿದ ದಿನ.

ಹಾಗಾಗಿ ಬೇರೆ ರೈಲುಗಳನ್ನೂ ಅಜ್ಜನ ಚೀಲ ಮನಸ್ಸಲ್ಲಿಟ್ಟುಕೊಂಡೇ ನೋಡಿದೆ.

ಎಲ್‌ಎಚ್‌ಬಿ ಬೋಗಿಗೆ ಹುಬ್ಬಳ್ಳಿ ಕಡೆಯ ಎಕ್ಸ್‌ಪ್ರೆಸ್‌ನ ಜನರಲ್ ಹತ್ತಿದೆ. ಜರ್ಮನ್ ವಿನ್ಯಾಸ, ಸ್ಟೇನ್‌ಲೆಸ್ ಸ್ಟೀಲ್ ಮೈ, ಡಿಸ್ಕ್ ಬ್ರೇಕ್. ಹರಿಹರ ದಾಟಿ ತುಂಗಭದ್ರೆ ಸೇತುವೆ ಮೇಲೆ ಹೋಗುವಾಗ ಕೈಯಲ್ಲಿದ್ದ ಚಹಾ ತುಳುಕಲಿಲ್ಲ. ನಮ್ಮ ನೀಲಿ ಬೋಗಿಯಲ್ಲಿ ಅರ್ಧ ಲೋಟ ಅಂಗಿ ಮೇಲೆ ಇರುತ್ತಿತ್ತು. ಅಪಘಾತವಾದರೆ ಒಂದರ ಮೇಲೊಂದು ಹತ್ತದಂಥ ಕೊಂಡಿ ಇದಕ್ಕಿದೆ, ಅದು ದೊಡ್ಡ ಮಾತೇ. ಆದರೆ ಅದೇ ಕೊಂಡಿ ಹೊರಡುವಾಗ, ನಿಲ್ಲುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಜಗ್ಗುತ್ತದೆ. ಗಂಟೆಗೊಮ್ಮೆ ನಿಲ್ಲುವ ಎಕ್ಸ್‌ಪ್ರೆಸ್‌ನಲ್ಲಿ ಅದು ಲೆಕ್ಕಕ್ಕಿಲ್ಲ. ಏಳೆಂಟು ಕಿಲೋಮೀಟರ್‌ಗೊಮ್ಮೆ ನಿಲ್ಲುವ ನಮ್ಮ ಗಾಡಿಯಲ್ಲಿ ಅಜ್ಜಂದಿರು ಕಂಬಿ ಹಿಡಿದು ನಿಂತಿರುತ್ತಾರೆ, ಅಲ್ವಾ? ಬಾಗಿಲೂ ನಮ್ಮ ಚೀಲಕ್ಕೆ ಹೆಚ್ಚೇನೂ ಉಪಕಾರ ಮಾಡುವಂಥದ್ದಲ್ಲ. ಇನ್ನು ಎಂಜಿನ್ ಬೇರೆ, ಬೋಗಿ ಬೇರೆ. ಕೊನೇ ಸ್ಟೇಷನ್ ಮುಟ್ಟಿದ ಮೇಲೆ ಎಂಜಿನ್ ಕಳಚಿ, ಪಕ್ಕದ ಲೈನಲ್ಲಿ ಸುತ್ತಿ ಬಂದು, ಇನ್ನೊಂದು ತುದಿಗೆ ಕೂಡಿಸಿ, ಬ್ರೇಕ್ ಪರೀಕ್ಷೆ ಮಾಡಬೇಕು. ಅಷ್ಟು ಹೊತ್ತು ಗಾಡಿ ಸುಮ್ನೆ ನಿಂತಿರುತ್ತದೆ.

ಡೆಮು ಅಂದರೆ ಮೆಮು ತರಹದ್ದೇ, ಡೀಸೆಲ್‌ನಲ್ಲಿ ಓಡುವಂಥದ್ದು. ಅದರ ವಿಷಯ ಎರಡೇ ಮಾತು. ಕೆಲವು ವರ್ಷದ ಹಿಂದೆ ಬೆಂಗಳೂರು–ಹೊಸೂರು ಡೆಮುನಲ್ಲಿ ಹೋಗಿದ್ದೆ. ಎರಡೂ ತುದಿಯಲ್ಲಿ ಡ್ರೈವರ್ ಕ್ಯಾಬಿನ್ ಇರುವುದರಿಂದ ಎಂಜಿನ್ ಸುತ್ತಿಸುವ ರಗಳೆ ಇಲ್ಲ. ಆದರೆ ಡೀಸೆಲ್ ಎಂಜಿನ್ ಇರುವ ಬೋಗಿ ಪಕ್ಕ ಕೂತರೆ ಕಿವಿ ಗುಂಯ್ ಅನ್ನುತ್ತದೆ. ಬೆಂಗಳೂರು–ಹುಬ್ಬಳ್ಳಿ ಲೈನ್ ಮೇಲೆ ಕರೆಂಟ್ ತಂತಿ ಬಂದಾಗಿದೆ. 2023ರ ಜೂನ್ 27ರಿಂದ ದಾವಣಗೆರೆಯಲ್ಲಿ ವಂದೇ ಭಾರತ್ ನಿಲ್ಲುತ್ತಿರುವುದು ಆ ತಂತಿಯಿಂದಲೇ. ತಲೆ ಮೇಲೆ ಕರೆಂಟ್ ಇಟ್ಟುಕೊಂಡು ಕೆಳಗೆ ಡೀಸೆಲ್ ಸುಡುವುದರಲ್ಲಿ ಅರ್ಥವಿಲ್ಲ.

ಮೆಮು ನೋಡಲು ಬೆಂಗಳೂರಿನಿಂದ ರಾಮನಗರಕ್ಕೆ ಹೋಗಿ ಬಂದೆ. ಇದರಲ್ಲಿ ಎರಡು ದಿನ ಕಳೆದೆ, ಯಾಕೆಂದರೆ ಮೊದಲ ದಿನ ಸಿಕ್ಕಿದ್ದಕ್ಕೂ ಮರುದಿನ ಸಿಕ್ಕಿದ್ದಕ್ಕೂ ಬಹಳ ವ್ಯತ್ಯಾಸ. ಮೆಮು ಅಂದರೆ ಒಂದೇ ಅಲ್ಲ. ಈ ದೇಶದಲ್ಲಿ ಇದು 1995ರಿಂದ ಓಡುತ್ತಿದೆ. ಹಳೇ ಮೆಮು ನಮ್ಮ ನೀಲಿ ಬೋಗಿಗಿಂತ ಸುಖವೇನಲ್ಲ. ಗಟ್ಟಿ ಸೀಟು, ಗದ್ದಲ. ನಾನು ಕೂತ ಬೋಗಿಯಲ್ಲಿ ಶೌಚಾಲಯವೇ ಇರಲಿಲ್ಲ. ಹೊಸದು ತ್ರೀ ಫೇಸ್ ಮೆಮು. ಸ್ಟೀಲ್ ಮೈ, ಮೆತ್ತನೆ ಸೀಟು, ಮುಂದಿನ ನಿಲ್ದಾಣ ಹೇಳುವ ಬೋರ್ಡು, ಬಯೋ ಟಾಯ್ಲೆಟ್. ಬ್ರೇಕ್ ಹಾಕಿದಾಗ ಚಕ್ರದ ಓಟದಿಂದಲೇ ಕರೆಂಟ್ ಹುಟ್ಟಿ ತಂತಿಗೆ ವಾಪಸ್ ಹೋಗುತ್ತದೆ. ಪದೇ ಪದೇ ನಿಲ್ಲುವ ಗಾಡಿಯಲ್ಲಿ ಈ ಉಳಿತಾಯ ಜಾಸ್ತಿ. ಎಕ್ಸ್‌ಪ್ರೆಸ್‌ಗಿಂತ ಪ್ಯಾಸೆಂಜರ್‌ಗೇ ಹೇಳಿ ಮಾಡಿಸಿದ ಯಂತ್ರ ಇದು.

ಕೆಂಗೇರಿ ಬಿಟ್ಟಾಗ ಫೋನಿನಲ್ಲಿ ವೇಗ ನೋಡುತ್ತಾ ಕೂತಿದ್ದೆ. ಒಂದು ನಿಮಿಷದೊಳಗೆ 60 ಕಿ.ಮೀ. ವೇಗ ಮುಟ್ಟಿತ್ತು. ಜಗ್ಗಾಟವೂ ಇಲ್ಲ. ನಮ್ಮ ಗಾಡಿಯಲ್ಲಿ ಅಷ್ಟು ಹೊತ್ತಿಗೆ ಪ್ಲಾಟ್‌ಫಾರ್ಮ್ ತುದಿಯ ಬೇವಿನ ಮರ ದಾಟಿದರೆ ಪುಣ್ಯ.

ನಾನು ನೋಡಲು ಬಂದದ್ದು ಸಿಕ್ಕಿದ್ದು ಬಿಡದಿಯಲ್ಲಿ. ಒಬ್ಬ ರೈತ ರೇಷ್ಮೆ ಗೂಡಿನ ದೊಡ್ಡ ಚೀಲ ಹಿಡಿದು ನಿಂತಿದ್ದ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಟವನು. ಗೂಡೂ ಮಂಡಕ್ಕಿ ಹಾಗೆಯೇ, ತೂಕ ಕಮ್ಮಿ, ಗಾತ್ರ ಜಾಸ್ತಿ. ಬಾಗಿಲು ಅಗಲವಾಗಿತ್ತು. ಅವನು ಚೀಲ ತಬ್ಬಿಕೊಂಡು ನೇರ ಒಳಗೆ ಬಂದ. ಅವನ ಪಕ್ಕದಲ್ಲೇ ಇಬ್ಬರು ಹುಡುಗಿಯರು ಹತ್ತಿದರು. ಯಾರೂ ಯಾರನ್ನೂ ನೂಕಲಿಲ್ಲ. ಅವನು ಚೀಲ ಬಾಗಿಲ ಬಳಿಯ ಖಾಲಿ ಜಾಗದಲ್ಲಿಟ್ಟು ಅದರ ಮೇಲೊಂದು ಕೈಯಿಟ್ಟು ನಿಂತ. ನಾನು ಎದ್ದುಹೋಗಿ ಬಾಗಿಲಿಗೆ ಗೇಣು ಹಾಕಿ ಅಳೆದೆ. ಏನ್ ಸಾರ್, ಮನೆಗೆ ಬಾಗಿಲು ಮಾಡಿಸ್ತಾ ಇದೀರಾ ಅಂದ. ಹೆಚ್ಚು ಕಮ್ಮಿ ಅದೇ ಅಂದೆ.

ಮೆಮುಗೂ ತಕರಾರು ಇಲ್ಲದಿಲ್ಲ. ನಮ್ಮ ಗಾಡಿಯ ಎಂಜಿನ್ ಕೆಟ್ಟರೆ ಬೇರೆ ಎಂಜಿನ್ ತಂದು ಕಟ್ಟಿ ಎಳೆದುಕೊಂಡು ಹೋಗುತ್ತಾರೆ. ಒಂದು ಬೋಗಿ ಕೆಟ್ಟರೆ ಅದೊಂದನ್ನೇ ಕಳಚುತ್ತಾರೆ. ಮೆಮು ಇಡೀ ಸೆಟ್ಟು, ಕೆಟ್ಟರೆ ಸೆಟ್ಟೇ ಕೂರುತ್ತದೆ. ಅದರ ರಿಪೇರಿಗೆ ಬೇರೆಯದೇ ಶೆಡ್ ಬೇಕು. ಅಂಥದ್ದು ಬೆಂಗಳೂರಿನ ಬಾಣಸವಾಡಿಯಲ್ಲಿದೆ. ಅಲ್ಲಿಂದ ಇಲ್ಲಿಗೆ ಖಾಲಿ ಓಡಿಸಿಕೊಂಡು ಬರುವುದಕ್ಕೆ ದುಡ್ಡು ಯಾರ ಕೈಯಿಂದ? ರೈಲು ಟಿಕೆಟ್ ಓದಿ ನೋಡಿ: ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ 57 ಮಾತ್ರ ವಸೂಲಾಗುತ್ತದೆ ಅಂತ ಅಚ್ಚಾಗಿರುತ್ತದೆ. ಪ್ಯಾಸೆಂಜರ್‌ನಲ್ಲಂತೂ ಅದಕ್ಕಿಂತ ಮೇಲಿರುವ ಸಾಧ್ಯತೆ ಇಲ್ಲ. ಕೊರೋನಾ ಹೊತ್ತಿನಲ್ಲಿ ಪ್ಯಾಸೆಂಜರ್‌ಗಳಿಗೆ ಎಕ್ಸ್‌ಪ್ರೆಸ್ ಹೆಸರಿಟ್ಟು ಕನಿಷ್ಠ ದರ 30 ರೂಪಾಯಿ ಮಾಡಿದ್ದರು. 2024ರ ಫೆಬ್ರುವರಿಯಲ್ಲಿ ಮತ್ತೆ 10 ರೂಪಾಯಿಗೆ ಇಳಿಯಿತು. ನಮಗೆ ಖುಷಿಯಾಯಿತು, ಗಲ್ಲಾಪೆಟ್ಟಿಗೆಗೆ ಅಲ್ಲ. ವಂದೇ ಭಾರತ್ ತರಹದ್ದು ಕೇಳಿದ ಹುಡುಗರಿಗೂ ಇದನ್ನೇ ಹೇಳಿದೆ. 2024ರ ಸೆಪ್ಟೆಂಬರ್‌ನಲ್ಲಿ ಗುಜರಾತಿನಲ್ಲಿ ಶುರುವಾದ ನಮೋ ಭಾರತ್ ರ್‍ಯಾಪಿಡ್ ರೈಲು ಹವಾನಿಯಂತ್ರಿತ, ಆದರೆ ಅದರ ಕನಿಷ್ಠ ದರವೇ 30 ರೂಪಾಯಿ. ತೋಳಹುಣಸೆಗೆ 30 ಕೊಟ್ಟು ಹೋಗ್ತೀರೇನ್ರೋ ಅಂದೆ. ಸುಮ್ಮನಾದರು.

ಅತ್ತ ಬಸ್ಸಿದೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್‌ಗೆ ದುಡ್ಡಿಲ್ಲ. ನಮ್ಮ ಗುಂಪಿನ ಅರ್ಧ ಟೀಚರಮ್ಮಂದಿರು ಅತ್ತ ಹೋದರು. ರೈಲಿಗೆ ಅವರು ವಾಪಸ್ ಬರಬೇಕಾದರೆ ಸೋವಿಯಾದರೆ ಸಾಲದು, ಹೊತ್ತಿಗೆ ಸರಿಯಾಗಿ ಬರಬೇಕು. ದಾವಣಗೆರೆ–ಚಿತ್ರದುರ್ಗದ ಕತೆ ಇನ್ನೂ ವಿಚಿತ್ರ. 1997ರ ತನಕ ಒಂದೇ ಜಿಲ್ಲೆಯಾಗಿದ್ದ ಊರುಗಳು. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ಬರುವ ನೇರ ಲೈನ್ ಮುಗಿಯುವ ತನಕ ರೈಲಲ್ಲಿ ಹೋಗುವವರು ಚಿಕ್ಕಜಾಜೂರು ಸುತ್ತಲೇಬೇಕು. ಹೆದ್ದಾರಿ ಬಸ್ಸು ಸುಮಾರು 60 ಕಿಲೋಮೀಟರ್ ಓಡಿ ತಲುಪಿಸಿಬಿಡುತ್ತದೆ.

ಕೊನೆಗೆ ಮನವಿಯಲ್ಲಿ ಬರೆದದ್ದು ಇಷ್ಟು. ಹೊಸ ತ್ರೀ ಫೇಸ್ ಮೆಮು ಕೊಡಿ, ಹಳೇದು ಬೇಡ. ಒಂದೇ ಸೆಟ್ಟು ಸಾಕು, ಆದರೆ ಅದನ್ನು ಬೆಳಿಗ್ಗೆ ಎರಡು ಸಲ ಓಡಿಸಿ. ತುದಿ ಸ್ಟೇಷನ್‌ನಲ್ಲಿ ಎಂಜಿನ್ ಸುತ್ತಿಸುವ ಹೊತ್ತು ಉಳಿಯುವುದರಿಂದ ಅದು ಆಗುತ್ತದೆ. ಅದಕ್ಕೂ ದುಡ್ಡಿಲ್ಲ ಅನ್ನುವುದಾದರೆ ಹಳೇ ನೀಲಿ ಬೋಗಿಯೇ ಇರಲಿ, ಸಣ್ಣ ಸ್ಟೇಷನ್‌ಗಳ ಪ್ಲಾಟ್‌ಫಾರ್ಮ್ ಎತ್ತರಿಸಿ ಕೊಡಿ. ಎಲ್‌ಎಚ್‌ಬಿಯನ್ನು ನಾನು ಕೇಳಲಿಲ್ಲ. ಗುಂಪಿನಲ್ಲಿ ಇಬ್ಬರು ಇನ್ನೂ ಮುನಿಸಿಕೊಂಡಿದ್ದಾರೆ.

ಸಹಿಗೆ ಕಾಗದ ಹಿಡಿದು ಅಜ್ಜನ ಹತ್ತಿರ ಹೋದೆ. ಓದಿ ಹೇಳಿದೆ. ತ್ರೀ ಫೇಸ್ ಅಂದಾಗ ಅವರು ಎತ್ತಲೋ ನೋಡುತ್ತಿದ್ದರು. "ಬಾಗ್ಲು ಅಗ್ಲ ಐತೇನ್ರೀ?" ಅಂದರು. ಐತಿ ಅಂದೆ. ಮಂಡಕ್ಕಿ ಧೂಳಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಪೆನ್ನು ಕೇಳಿದರು.