ಟೆಂಟಾ, ಟಾರ್ಪಾಲಾ? ಮಲೆನಾಡ ಮಳೆಯಲ್ಲಿ ಎರಡು ರಾತ್ರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟಾರ್ಪಾಲಿಗೆ. ಮಳೆಗಾಲ ಬಂತೆಂದರೆ ನಮ್ಮ ಕಡೆ ಎಲ್ಲರ ಮನೆಯ ಸೌದೆ ರಾಶಿ ಮೇಲೂ ಕಾಣುತ್ತದಲ್ಲ, ಅದೇ ನೀಲಿ ಟಾರ್ಪಾಲು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ 900 ರೂಪಾಯಿಗೆ ತಂದಿದ್ದು, 12ಕ್ಕೆ 15 ಅಡಿ. ಅದರ ಎದುರಾಳಿ, ಆನ್‌ಲೈನಿನಲ್ಲಿ 4,300 ರೂಪಾಯಿ ಕೊಟ್ಟು ತರಿಸಿಕೊಂಡ ಮೂರು ಜನರ ಡೋಮ್ ಟೆಂಟು. ಫೋಟೋದಲ್ಲಿ ಟೆಂಟೇ ಚಂದ, ಎರಡು ಮಾತಿಲ್ಲ.

ಎರಡನ್ನೂ ಒಂದೇ ಜಾಗದಲ್ಲಿ ಹಾಕಿ ಮಲಗಿದ್ದೇವೆ. ಹೋದ ವರ್ಷ ಪುನರ್ವಸು ಮಳೆಯಲ್ಲಿ ಟೆಂಟು, ಈ ವರ್ಷ ಪುಷ್ಯದಲ್ಲಿ ಟಾರ್ಪಾಲು. ಜಾಗ ಅಂದರೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಗೆಳೆಯನ ಸೋದರಮಾವನ ಬ್ಯಾಣ, ಅಂದರೆ ಮನೆಯವರ ಹುಲ್ಲುಗಾವಲು. ಶನಿವಾರ ಕವಲೇದುರ್ಗ ಹತ್ತಿ ಇಳಿದು, ಸಂಜೆ ಬ್ಯಾಣಕ್ಕೆ ಬಂದು ಮಲಗುವುದು. ಭಾನುವಾರ ಬೈಕಿನಲ್ಲಿ ಕುಂದಾದ್ರಿ ಬುಡಕ್ಕೆ ಹೋಗಿ, ಮೇಲಿನವರೆಗೂ ರಸ್ತೆ ಇದ್ದರೂ ನಡೆದೇ ಹತ್ತುವುದು. ಕೊಡಚಾದ್ರಿಯಲ್ಲೇ ಟೆಂಟ್ ಹಾಕಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಅದು ಮೂಕಾಂಬಿಕಾ ಅಭಯಾರಣ್ಯದ ಕಾಡು. ಅನುಮತಿ ಇಲ್ಲದೆ ಕಾಡಿನೊಳಗೆ ರಾತ್ರಿ ಉಳಿಯುವ ಹಾಗಿಲ್ಲ. ಮಾವನ ಬ್ಯಾಣವಾದರೆ ಬೈಗುಳವೂ ಮನೆಯವರದ್ದೇ.

ಈಗ ಟೆಂಟಿನ ಕಥೆ. ಹಾಕಲು ಹತ್ತು ನಿಮಿಷ ಸಾಕು. ಎರಡು ಕಡ್ಡಿ ಬಗ್ಗಿಸಿ ಸಿಕ್ಕಿಸಿದರೆ ಗುಡಾರ ಎದ್ದು ನಿಲ್ಲುತ್ತದೆ. ಒಂಬತ್ತು ಗಂಟೆಗೆ ಜಿಪ್ ಎಳೆದು ಮಲಗಿದೆವು. ಮಳೆಯ ಸದ್ದು, ಒಳಗೆ ಬೆಚ್ಚಗೆ. ಸ್ವರ್ಗ ಅಲ್ವಾ ಅಂದುಕೊಂಡೆ. ರಾತ್ರಿ ಎರಡರ ಸುಮಾರಿಗೆ ಹಣೆ ಮೇಲೆ ಟಪ್ ಎಂದು ಒಂದು ಹನಿ. ಒರೆಸಿಕೊಂಡೆ. ಇನ್ನೊಂದು. ಟಾರ್ಚ್ ಹಾಕಿ ನೋಡಿದರೆ ಬಟ್ಟೆಯ ಒಳಮೈ ತುಂಬ ಸಾಸಿವೆ ಕಾಳಿನಂಥ ಹನಿಗಳು, ಸಾಲು ಸಾಲಾಗಿ. ಗೆಳೆಯ ಮಗ್ಗುಲು ಬದಲಿಸಿದ, ಅವನ ಮೊಣಕೈ ಬಟ್ಟೆಗೆ ತಾಗಿತು, ಅಷ್ಟೂ ಹನಿ ಒಟ್ಟಿಗೆ ನಮ್ಮ ಮೇಲೆ. ಬೆಳಿಗ್ಗೆ ಹೊತ್ತಿಗೆ ಸ್ಲೀಪಿಂಗ್ ಬ್ಯಾಗಿನ ಕಾಲ ಭಾಗ ಹಿಂಡಿದರೆ ನೀರು.

ಸೋರುತ್ತಿದೆ ಎಂದು ಮಾರಿದವರಿಗೆ ಫೋನ್ ಮಾಡಿದೆ. ಹುಡುಗಿ ತಾಳ್ಮೆಯಿಂದ ಕೇಳಿ, "ಸರ್, ಅದು ಸೋರಿಕೆ ಅಲ್ಲ, ವಾಪಸ್ ತಗೊಳಲ್ಲ" ಎಂದಳು. ಸಿಟ್ಟು ಬಂತು. ಸಾಬೀತು ಮಾಡೋಣ ಎಂದು ಟೆಂಟನ್ನು ಮನೆಯ ತಾರಸಿ ಮೇಲೆ ಹಾಕಿ, ಒಳಗೆ ಹಳೆ ಪೇಪರ್ ಹರಡಿ, ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಟ್ಟೆ. ಪೇಪರ್ ಗರಿಗರಿ. ಒಂದು ಹನಿಯೂ ಇಲ್ಲ! ಹುಡುಗಿ ಹೇಳಿದ್ದೇ ಸರಿ.

ನೀರು ಬಂದಿದ್ದು ನಮ್ಮಿಂದಲೇ. ಇಬ್ಬರ ಉಸಿರಿನ ತೇವ, ಮೂಲೆಗೆ ಒಟ್ಟಿದ ಒದ್ದೆ ಪ್ಯಾಂಟು, ಒದ್ದೆ ಸಾಕ್ಸು. ಮಳೆಗೆ ಹೊರಗಿನ ಬಟ್ಟೆ ತಣ್ಣಗಾಗಿರುತ್ತದೆ, ಒಳಗಿನ ಹಬೆ ಅದಕ್ಕೆ ತಾಗಿ ಹನಿಗಟ್ಟುತ್ತದೆ. ಕಡುಬಿನ ಪಾತ್ರೆಯ ಮುಚ್ಚಳ ತೆಗೆದಾಗ ನೋಡುತ್ತೇವಲ್ಲ, ಹಾಗೆ. ಒಣ ಊರಿನಲ್ಲಾದರೆ ಕಿಟಕಿ ತೆರೆದಿಟ್ಟರೆ ಹಬೆ ಹೋಗುತ್ತದೆ. ಇಲ್ಲಿ ಕಿಟಕಿ ತೆರೆದರೆ ಇರಚಲು ಒಳಗೆ. ಅರ್ಧ ತೆರೆದೂ ನೋಡಿದೆವು, ಹೊರಗಿನ ಗಾಳಿಯೇ ನೀರು ಕುಡಿದು ಕೂತಿರುವಾಗ ಅದು ಇನ್ನೆಷ್ಟು ಹೀರೀತು?

ಇದನ್ನು ಮಾವನಿಗೆ ಹೇಳಿದಾಗ ಅವರು ಎಲೆ ಅಡಿಕೆ ಜಗಿಯುತ್ತಲೇ ನಕ್ಕರು. "ಅಲ್ಲ ಮಾರಾಯ, ಮಳೆ ತಾಗದ ಹಾಗೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟೋದು ನೋಡಿಲ್ವಾ? ಮೇಲೆ ಬಿಗಿ, ಕೆಳಗೆ ಬಾಯಿ ತೆಗೆದೇ ಇರುತ್ತೆ. ಅಡಿ ಹೊಲಿದ್ರೆ ಒಳಗೇ ಬೆವತು ಕೊಳೆಯುತ್ತೆ." ಟಾರ್ಪಾಲಿನ ಯೋಚನೆ ಹುಟ್ಟಿದ್ದು ಆ ಮಾತಿನಿಂದ.

ಟೆಂಟಿನ ಚೀಟಿಯಲ್ಲಿ 2000 ಮಿ.ಮೀ. ಎಂದು ಬರೆದಿತ್ತು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುತ್ತದೆ, ಇದು ಎಲ್ಲಿ ತಡೆದೀತು ಎಂದು ಗೆಳೆಯ ಲೆಕ್ಕ ಹಾಕಿದ್ದ. ಆ ಅಂಕಿ ಮಳೆಯದ್ದಲ್ಲ. ಬಟ್ಟೆಯ ಮೇಲೆ ಅಷ್ಟು ಎತ್ತರ ನೀರು ನಿಲ್ಲಿಸಿದರೂ ತೂರಿ ಬರುವುದಿಲ್ಲ ಎಂದರ್ಥ. ಬಟ್ಟೆಯ ತಪ್ಪೇನೂ ಇರಲಿಲ್ಲ, ಪಾಪ.

ಟಾರ್ಪಾಲು ಕಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಎರಡು ಮರದ ನಡುವೆ ಎದೆ ಮಟ್ಟಕ್ಕೆ ಹಗ್ಗ ಬಿಗಿದು, ಅದರ ಮೇಲೆ ಹೊದಿಸಿ, ಎರಡೂ ಬದಿ ಇಳಿಜಾರಾಗಿ ಎಳೆದು ಕಟ್ಟುವುದು. ಅಂಚಿನ ರಿಂಗು ಮೊದಲ ಗಾಳಿಗೇ ಹರಿದುಹೋಯಿತು. ಆಮೇಲೆ ಮೂಲೆಯೊಳಗೆ ಒಂದು ದುಂಡು ಕಲ್ಲಿಟ್ಟು, ಟಾರ್ಪಾಲಿನ ಹೊರಗಿನಿಂದ ಕಲ್ಲಿನ ಕುತ್ತಿಗೆಗೆ ಹಗ್ಗ ಸುತ್ತಿ ಕಟ್ಟಿದೆವು. ಆನೆ ಎಳೆದರೂ ಬಿಚ್ಚಲಿಲ್ಲ ಅನ್ನಬಹುದು. ಇನ್ನೊಂದು ಉಪಾಯ: ಮರದಿಂದ ಹಗ್ಗದ ಗುಂಟ ನೀರು ಹರಿದು ಒಳಗೆ ಬರುತ್ತದೆ. ಟಾರ್ಪಾಲಿನ ಅಂಚಿಗಿಂತ ಒಂದು ಗೇಣು ಹೊರಗೆ, ಹಗ್ಗಕ್ಕೆ ಹಳೆ ಪಂಚೆಯ ಚೂರು ಕಟ್ಟಿ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ರಾತ್ರಿಯಿಡೀ ಆ ಬಟ್ಟೆ ಚೂರು ನಲ್ಲಿಯ ಹಾಗೆ ಸುರಿಸುತ್ತಿತ್ತು. ನಾವು ಒಣಗಿದ್ದೆವು.

ಒಣಗಿದ್ದೆವು, ಆದರೆ ನಾವಿಬ್ಬರೇ ಇರಲಿಲ್ಲ. ಇಂಬಳ, ರಕ್ತ ಹೀರುವ ಕಾಡು ಜಿಗಣೆ. ಗೋಡೆ ಇಲ್ಲದ ಮನೆಗೆ ಅವಕ್ಕೆ ಕರೆಯೋಲೆ ಬೇಕೇ? ಹಾಸಿನ ಸುತ್ತ ಉಪ್ಪು, ಸುಣ್ಣ ಗೆರೆ ಎಳೆದೆವು. ಚಾವಣಿ ಕೆಳಗೆ ನೆಲ ತಕ್ಕಮಟ್ಟಿಗೆ ಒಣಗಿದ್ದರಿಂದ ಗೆರೆ ಕರಗದೆ ಉಳಿಯಿತು. ಕಾಲಿಗೆ ಹೊಗೆಸೊಪ್ಪಿನ ನೀರು. ಆದರೂ ನನಗೆ ಎರಡು, ಗೆಳೆಯನಿಗೆ ಮೂರು ಕಚ್ಚಿದ್ದವು. ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ಹೋಗುತ್ತವಲ್ಲ, ಬೆಳಿಗ್ಗೆ ಕಾಫಿ ಕುಡಿಯುವವರೆಗೂ ಸೋರುತ್ತಿತ್ತು. ಟೆಂಟಿಗೆ ಇಲ್ಲಿ ಒಂದು ಅಂಕ ಕೊಡಲೇಬೇಕು. ಪೂರ್ತಿ ಅಂಕ ಅಲ್ಲ, ಹೋದ ವರ್ಷ ಶೂ ಒಳಗೆ ಕೂತು ಟೆಂಟಿಗೇ ಬಂದ ಒಂದು ನನ್ನ ಹೊಟ್ಟೆ ಮೇಲೆ ಸಿಕ್ಕಿತ್ತು.

ಅಡುಗೆ: ಟಾರ್ಪಾಲಿನ ಕೆಳಗೆ, ಪ್ಲಾಸ್ಟಿಕ್ಕಿನಿಂದ ದೂರ ಇಟ್ಟು, ಸ್ಟೌ ಹಚ್ಚಬಹುದು. ಬಿಸಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ, ಎದುರಿಗೆ ಮಳೆ. ಮುಚ್ಚಿದ ಟೆಂಟಿನಲ್ಲಿ ಬೆಂಕಿ ಹಚ್ಚುವುದು ಜೀವಕ್ಕೇ ಕುತ್ತು, ಹೊಗೆಯಿಂದಲೂ.

ತೂಕ: ಟಾರ್ಪಾಲು ಎರಡು ಕೆಜಿ, ಟೆಂಟು ಮೂರಕ್ಕೆ ಸ್ವಲ್ಪ ಕಡಿಮೆ. ಒದ್ದೆಯಾದ ಮೇಲೆ ಟಾರ್ಪಾಲನ್ನು ಒಮ್ಮೆ ಕೊಡವಿದರೆ ಮುಗಿಯಿತು. ಟೆಂಟು ಒಣಗಲು ನಮ್ಮ ಮನೆಯಲ್ಲಿ ನಾಲ್ಕು ದಿನ ಬೇಕಾಯಿತು, ಆಮೇಲೂ ಬೂಷ್ಟಿನ ವಾಸನೆ.

ಮರ ಇಲ್ಲದ ಬೋಳು ಗುಡ್ಡ, ಬೀಸುವ ಗಾಳಿ: ಟೆಂಟೇ ಸರಿ. ಹೆಂಡತಿ, ಮಗಳು ಜೊತೆಗಿದ್ದರೂ ಟೆಂಟೇ. ನನ್ನ ಹೆಂಡತಿ ಟಾರ್ಪಾಲಿನ ಫೋಟೋ ನೋಡಿ "ಗೋಡೆ ಎಲ್ಲಿ?" ಎಂದಳು, ಮಾತು ಅಲ್ಲಿಗೇ ನಿಂತಿತು.

ಹ್ಯಾಮಕ್ ಅನ್ನೂ ಒಂದು ರಾತ್ರಿ ನೋಡಿದ್ದೇನೆ. ಬೆನ್ನಿಗೆ ಚಳಿ. ಬೇಡ.

ನನ್ನ ಅಭ್ಯಾಸ ಹೀಗೆ: ಮಳೆಗಾಲದಲ್ಲಿ ಒಂದೋ ಎರಡೋ ವಾರಾಂತ್ಯ, ಜೊತೆಗೊಬ್ಬ ಗೆಳೆಯ, ಮರಗಳಿರುವ ಪರಿಚಯದವರ ಜಾಗ. ಇದಕ್ಕೆ 4,300 ರೂಪಾಯಿ ಜಾಸ್ತಿಯಾಯಿತು. ಟಾರ್ಪಾಲಾದರೆ ಉಳಿದ ದಿನ ಬೈಕ್ ಮೇಲೆ ಹೊದಿಸುತ್ತೇನೆ. ಟೆಂಟನ್ನೂ ಸುಮ್ನೆ ಬಿಡುವುದಿಲ್ಲ. ಅದರ ಒಳಗಿನ ಸೊಳ್ಳೆಪರದೆ ಪದರವನ್ನಷ್ಟೇ ಟಾರ್ಪಾಲಿನ ಕೆಳಗೆ ನಿಲ್ಲಿಸಿದರೆ ಗಾಳಿಯೂ ಆಡುತ್ತದೆ, ಇಂಬಳವೂ ಹೊರಗಿರುತ್ತದೆ. ಆಶ್ಲೇಷ ಮಳೆ ಹಿಡಿದರೆ ನೋಡಬೇಕು. ಮಾವನಿಗೆ ಫೋನ್ ಮಾಡಿಯಾಗಿದೆ, ಬರುವಾಗ ಹೊಗೆಸೊಪ್ಪು ತರಲು ಹೇಳಿದ್ದಾರೆ, ಕಾಲಿಗಲ್ಲ, ಅವರ ಬಾಯಿಗೆ.