ಲೂವ್ರ್ ಟಿಕೆಟ್ಟಿಗೆ ಹಣ ಕಟ್ಟುವ ಮುನ್ನ

ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಹೋಗುವ ಯೋಚನೆಯಲ್ಲಿರುವವರು, ಅದರಲ್ಲೂ ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯುವವರು, ದಯವಿಟ್ಟು ಇದನ್ನು ಓದಬೇಕು.

2024ರ ಅಕ್ಟೋಬರಿನಲ್ಲಿ ನಾನು ನನ್ನ ತಂದೆಯವರೊಂದಿಗೆ ಅಲ್ಲಿಗೆ ಹೋಗಿದ್ದೆ. ಅವರು ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ವರ್ಮೀರ್ ಬರೆದ, ಲೇಸ್ ಹೆಣೆಯುತ್ತಿರುವ ಹೆಣ್ಣುಮಗಳ ಚಿತ್ರವನ್ನು ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ರಟ್ಟಿಗೆ ಅಂಟಿಸಿಕೊಂಡು, ಬಲಗಡೆಯಿಂದ ಬೆಳಕು ಬಿದ್ದರೆ ಮುಖದ ಮೇಲೆ ನೆರಳು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸುತ್ತಿದ್ದರು. ಮೂಲಚಿತ್ರದ ಎತ್ತರ ಸುಮಾರು 24 ಸೆಂ.ಮೀ., ಅಗಲ 21 ಸೆಂ.ಮೀ. ಮಾತ್ರ. ಅದರ ಮುಂದೆ ಒಮ್ಮೆ ನಿಲ್ಲಬೇಕೆಂಬುದು ಅವರ ಬಹುದಿನದ ಆಸೆಯಾಗಿತ್ತು.

ಟಿಕೆಟ್ ಹುಡುಕುವಾಗ ಮೊಬೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಬಂದ ಜಾಲತಾಣದಲ್ಲಿ ಲೂವ್ರ್ ಅಂಗಳದ ಗಾಜಿನ ಪಿರಮಿಡ್ಡಿನ ಚಿತ್ರವೂ ‘ಅಧಿಕೃತ’ ಎಂಬ ಪದವೂ ಇದ್ದುದರಿಂದ, ಅದು ಸಂಗ್ರಹಾಲಯದ್ದೇ ಎಂದು ನಾನು ನಂಬಿದೆ. ಅದು ಜಾಹೀರಾತು ಎಂಬ ಸಣ್ಣಕ್ಷರದ ಸೂಚನೆ ನನ್ನ ಕಣ್ಣಿಗೆ ಬೀಳಲಿಲ್ಲ. ಆಗ ಲೂವ್ರ್‌ನ ಸ್ವಂತ ದರ 22 ಯೂರೊ ಇತ್ತು. ‘ಸರದಿಯಲ್ಲಿ ನಿಲ್ಲದೆ ಪ್ರವೇಶ’ ಎಂಬ ಮಾತಿಗಾಗಿ, ಅಪ್ಪನ ಮೊಣಕಾಲು ನೋವನ್ನು ನೆನೆದು, ತಲಾ 64 ಯೂರೊ ಕಟ್ಟಿದೆ.

ಬಂದದ್ದು ಟಿಕೆಟ್ಟಲ್ಲ, ಒಂದು ಚೀಟಿ. ಸೋಮವಾರ ಬೆಳಿಗ್ಗೆ 11 ಗಂಟೆಗೆ ಅಂಗಳದಲ್ಲಿರುವ 14ನೇ ಲೂಯಿಯ ಕುದುರೆಸವಾರಿ ಪ್ರತಿಮೆಯ ಬಳಿ, ಹಸಿರು ಕೊಡೆ ಹಿಡಿದ ಪ್ರತಿನಿಧಿಯನ್ನು ಕಾಣಬೇಕೆಂದು ಅದರಲ್ಲಿತ್ತು. ಕೊಡೆ ಕಾಣಿಸಿದ್ದು 12.20ಕ್ಕೆ. ಇಪ್ಪತ್ತಕ್ಕೂ ಹೆಚ್ಚು ಜನರನ್ನು ಒಟ್ಟುಗೂಡಿಸಿದ ಆತ, ನಮ್ಮ ಗುಂಪಿಗೆ ಒಳಹೋಗಲು ಸಿಕ್ಕಿರುವ ಸಮಯ ಮಧ್ಯಾಹ್ನ ಮೂರೂವರೆ ಎಂದು ಹೇಳಿ ಹೊರಟುಹೋದ. ಅಪ್ಪ ಪ್ರತಿಮೆಯ ಪಕ್ಕದ ಕಲ್ಲಿನ ಅಂಚಿನ ಮೇಲೆ ಕುಳಿತು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಬಿಚ್ಚಿ, ಮತ್ತೆ ಮಡಿಸುತ್ತಿದ್ದರು. ಮೂರೂವರೆಯ ನಂತರವೂ ಭದ್ರತಾ ತಪಾಸಣೆಯ ಸರದಿಯಲ್ಲಿ ನಿಲ್ಲಲೇಬೇಕಾಯಿತು. ಯಾವ ಟಿಕೆಟ್ ಇದ್ದರೂ ಆ ತಪಾಸಣೆಯಿಂದ ವಿನಾಯಿತಿ ಇಲ್ಲವೆಂಬುದನ್ನು ಮಾರುವವರು ಹೇಳುವುದಿಲ್ಲ. ನಾವು ಒಳಗೆ ಕಾಲಿಟ್ಟಾಗ ನಾಲ್ಕು ಗಂಟೆ ದಾಟಿತ್ತು.

ಸೋಮವಾರ ಲೂವ್ರ್ ಮುಚ್ಚುವುದು ಸಂಜೆ 6ಕ್ಕೆ, ಆದರೆ ಅರ್ಧ ಗಂಟೆ ಮೊದಲೇ ಕೋಣೆಗಳನ್ನು ತೆರವು ಮಾಡಲು ಆರಂಭಿಸುತ್ತಾರೆ. ಡೆನೋನ್ ವಿಭಾಗದಲ್ಲಿ ಮೊನಾಲಿಸಾ ಮುಂದೆ ಜನ ಕಿಕ್ಕಿರಿದಿದ್ದರು. ಅಪ್ಪ ಅತ್ತ ಹೆಚ್ಚು ಹೊತ್ತು ನೋಡದೆ, ಎದುರು ಗೋಡೆಯನ್ನೇ ತುಂಬಿಕೊಂಡಿರುವ, ಹತ್ತಿರ ಹತ್ತಿರ 10 ಮೀಟರ್ ಅಗಲದ, ವೆರೊನೀಸ್‌ನ ‘ಕಾನಾ ಊರಿನ ಮದುವೆ’ಯತ್ತ ತಿರುಗಿದರು. ಬಿಳಿ ಉಡುಪಿನ ವಾದ್ಯಗಾರ ಸ್ವತಃ ಚಿತ್ರಕಾರನೇ ಎಂಬ ಪ್ರತೀತಿಯನ್ನು ಅವರೇ ನನಗೆ ಹೇಳಿದರು. ಆ ಇಪ್ಪತ್ತು ನಿಮಿಷಗಳನ್ನು ಮೊಟಕುಗೊಳಿಸಲು ನನಗೆ ಮನಸ್ಸು ಬರಲಿಲ್ಲ. ವರ್ಮೀರ್‌ನ ಚಿತ್ರವಿರುವುದು ಅಲ್ಲಿಂದ ಬಹುದೂರ, ರಿಶೆಲ್ಯೂ ವಿಭಾಗದ ಎರಡನೆಯ ಮಹಡಿಯಲ್ಲಿ. ನಾವು ಲಿಫ್ಟಿನಿಂದ ಇಳಿಯುವಷ್ಟರಲ್ಲಿ ಕಾವಲಿನವರು ಜನರನ್ನು ಹಿಂದಕ್ಕೆ ಕಳುಹಿಸುತ್ತಿದ್ದರು. ಮರುದಿನ ಮಂಗಳವಾರ, ಲೂವ್ರ್‌ಗೆ ವಾರದ ರಜೆ. ಬುಧವಾರ ಬೆಳಿಗ್ಗೆ ನಮ್ಮ ವಿಮಾನ.

ಹಣ ಮರಳಿ ಕೇಳಿದ್ದಕ್ಕೆ, ಪ್ರವೇಶ ಕೊಡಿಸಿದ್ದೇವೆ, ಸಮಯ ಅಂದಾಜು ಮಾತ್ರವೆಂದು ನಿಯಮಗಳಲ್ಲಿಯೇ ಇದೆ ಎಂಬ ಉತ್ತರ ಬಂತು. ಹಾಗೆ ಬರೆದಿದ್ದುದೂ ನಿಜ.

ಟಿಕೆಟ್ಟನ್ನು ಲೂವ್ರ್‌ನ ಸ್ವಂತ ಜಾಲತಾಣದಲ್ಲಿ ಮಾತ್ರ, ನಿಗದಿತ ಸಮಯಕ್ಕೆ ಕೊಳ್ಳಿರಿ. ಯುರೋಪಿನ ಹೊರಗಿನಿಂದ ಬರುವವರಿಗೆ 2026ರ ಜನವರಿಯಿಂದ ದರ 32 ಯೂರೊ ಆಗಿದೆ. 18 ವರ್ಷದೊಳಗಿನವರಿಗೆ ಉಚಿತ. ಯಾವ ದಿನ ಯಾವ ಕೋಣೆಗಳು ಮುಚ್ಚಿರುತ್ತವೆ ಎಂಬುದನ್ನೂ ಅದೇ ತಾಣದಲ್ಲಿ ನೋಡಿಕೊಳ್ಳಬಹುದು. ನಡೆಯಲು ಕಷ್ಟವಿರುವವರಿಗೆ ಗಾಲಿಕುರ್ಚಿಯನ್ನು ಒಳಗೆ ಉಚಿತವಾಗಿ ಕೊಡುತ್ತಾರೆ, ನಾವು ಕೇಳಲೇ ಇಲ್ಲ. ಸಾಧ್ಯವಾದರೆ ಬುಧವಾರ ಅಥವಾ ಶುಕ್ರವಾರವನ್ನು ಆರಿಸಿಕೊಳ್ಳಿರಿ, ಆ ಎರಡು ದಿನ ರಾತ್ರಿ 9ರವರೆಗೆ ತೆರೆದಿರುತ್ತದೆ. ನೋಡಲೇಬೇಕೆಂದು ಬಂದ ಚಿತ್ರ ಯಾವುದೋ ಅದರ ಬಳಿಗೆ ಮೊದಲು ಹೋಗಿರಿ.