ಫೀಲ್ಡ್ ಟ್ರಯಲ್ಲೋ, ಹಂಟ್ ಟೆಸ್ಟೋ?

ರಿಟ್ರೀವರ್ ಅಂದರೆ ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಹೆಕ್ಕಿ ತರುವ ನಾಯಿ. ಅದನ್ನು ಕಣಕ್ಕಿಳಿಸಲು ನಾಯಿ ತಳಿಗಳ ಸಂಸ್ಥೆಯಾದ ಅಮೆರಿಕನ್ ಕೆನಲ್ ಕ್ಲಬ್ಬಿನಲ್ಲಿ ಎರಡು ದಾರಿ ಇವೆ. ಎರಡರಲ್ಲೂ ನೆಲದಿಂದ, ನೀರಿನಿಂದ ಹಕ್ಕಿ ತರುವುದೇ ಕೆಲಸ.

ಫೀಲ್ಡ್ ಟ್ರಯಲ್‌ನಲ್ಲಿ ನಾಯಿಗೆ ನಾಯಿಯೇ ಎದುರಾಳಿ. ಸ್ಥಾನ ಸಿಗುವುದು 4 ನಾಯಿಗಳಿಗೆ ಮಾತ್ರ. ಹಕ್ಕಿ ನೂರಾರು ಗಜ ದೂರ ಇರುತ್ತದೆ. ಬಿಳಿ ಕೋಟಿನ ಹ್ಯಾಂಡ್ಲರ್ (ನಾಯಿ ನಡೆಸುವವರು) ಸೀಟಿ ಊದಿದರೆ ನಾಯಿ ಈಜುತ್ತಲೇ ಹಿಂತಿರುಗಿ ಕೈಸನ್ನೆ ನೋಡಬೇಕು. ಸುಮ್ನೆ ದಡ ಹತ್ತಿ ಓಡಿದರೆ ಕಷ್ಟ. ಅಮೆಚೂರ್ (ಹವ್ಯಾಸಿ) ವಿಭಾಗದಲ್ಲಿ ವೃತ್ತಿಪರ ತರಬೇತುದಾರರು ನಾಯಿ ನಡೆಸುವಂತಿಲ್ಲ. ಆದರೆ ಅವರು ಪಳಗಿಸಿದ ನಾಯಿಗಳು ಬರುತ್ತವೆ, ಅದು ಗೊತ್ತಿರಲಿ!

1985ರಲ್ಲಿ ಶುರುವಾದ ಹಂಟ್ ಟೆಸ್ಟ್‌ನಲ್ಲಿ ಎದುರಾಳಿ ಇಲ್ಲ, ಮಟ್ಟ ಮುಟ್ಟಿದರೆ ಪಾಸ್. ಅದರ ಮೊದಲ ಹಂತವಾದ ಜೂನಿಯರ್‌ನಲ್ಲಿ ನೆಲದ ಮೇಲೆ 2, ನೀರಲ್ಲಿ 2 ಹಕ್ಕಿ, ಒಂದೊಂದಾಗಿ. ಮೊದಲ ನಾಯಿ, ಬಿಡುವು ಕಡಿಮೆ ಅನ್ನುವವರಿಗೆ ನಾನು ಹಂಟ್ ಟೆಸ್ಟನ್ನೇ ಹೇಳುತ್ತೇನೆ.